ಒಂದು ಪ್ರಾಂತ್ಯ, ಹತ್ತಾರು ವಿನಾಯಿತಿ: ಬೆಸ್ಸರಾಬಿಯವನ್ನು ರಷ್ಯಾ ಆಳಿದ ಬಗೆ

1925ರ ಸುಮಾರಿಗೆ ಬೆಸ್ಸರಾಬಿಯದಲ್ಲಿ ಅಣ್ಣತಮ್ಮಂದಿರು ಅಪ್ಪನ ಆಸ್ತಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದರೆ, ನ್ಯಾಯಾಧೀಶರು ತೆರೆಯಬೇಕಾಗಿದ್ದ ಪುಸ್ತಕ 1345ರಲ್ಲಿ ಬರೆದದ್ದಾಗಿತ್ತು. ಅದನ್ನು ಬರೆದವನು ಥೆಸಲೋನಿಕಿ ಪಟ್ಟಣದ ನ್ಯಾಯಾಧೀಶ ಕಾನ್‌ಸ್ಟಂಟೈನ್ ಹರ್ಮೆನೊಪುಲೋಸ್. ಅವನು ನೌಕರಿ ಮಾಡಿದ ಬೈಜಾಂಟಿಯಂ ಸಾಮ್ರಾಜ್ಯ 1453ರಲ್ಲೇ ಮಣ್ಣುಪಾಲಾಗಿತ್ತು. ಬೆಸ್ಸರಾಬಿಯವೋ, ನೂರಾರು ವರ್ಷ ಅರೆಸ್ವತಂತ್ರ ಮೊಲ್ದಾವಿಯ ಸಂಸ್ಥಾನದೊಳಗಿದ್ದು, ನೂರಾ ಆರು ವರ್ಷ ರಷ್ಯದ ಝಾರ್‌ಗಳ ಕೈಯಲ್ಲಿದ್ದು, ಆಗಷ್ಟೇ ರುಮೇನಿಯದ ರಾಜನ ಕೈಗೆ ಬಂದಿತ್ತು. ಇಷ್ಟು ಧಣಿಗಳು ಬದಲಾದರೂ ಆ ಹಳೆಯ ಗ್ರೀಕ್ ಕಾನೂನು ಮಾತ್ರ ಕೋರ್ಟಿನ ಮೇಜಿನಿಂದ ಕದಲಿರಲಿಲ್ಲ.

ಹೀಗೇಕಾಯಿತು ಎಂದು ಕೇಳಿದರೆ ರಷ್ಯನ್ ಸಾಮ್ರಾಜ್ಯ ತನ್ನ ಅಂಚಿನ ಪ್ರಾಂತ್ಯಗಳನ್ನು ಹೇಗೆ ಆಳುತ್ತಿತ್ತು ಎಂಬ ದೊಡ್ಡ ಪ್ರಶ್ನೆಗೆ ಬಂದು ನಿಲ್ಲುತ್ತೇವೆ. ಝಾರ್‌ಶಾಹಿ ಎಂದೊಡನೆ ರಾಜಧಾನಿ ಪೀಟರ್ಸ್‌ಬರ್ಗ್‌ನಲ್ಲಿ ಸಹಿಯಾದ ಒಂದು ಹುಕುಂ ಪೋಲೆಂಡಿನಿಂದ ಸೈಬೀರಿಯದವರೆಗೆ ಒಂದೇ ರೀತಿ ಜಾರಿಯಾಗುತ್ತಿತ್ತು ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಕಡತಗಳು ಬೇರೆಯೇ ಮಾತು ಹೇಳುತ್ತವೆ. ಆ ಸಾಮ್ರಾಜ್ಯ ನಡೆದದ್ದು ನಿಯಮಗಳಿಂದ ಎಷ್ಟೋ, ವಿನಾಯಿತಿಗಳಿಂದಲೂ ಅಷ್ಟೇ. ಬೆಸ್ಸರಾಬಿಯದ ಇತಿಹಾಸವನ್ನು ಸಾಮಾನ್ಯವಾಗಿ ರಷ್ಯಾ ಮತ್ತು ರುಮೇನಿಯದ ಹಗ್ಗಜಗ್ಗಾಟವಾಗಿ ಬರೆಯುತ್ತಾರೆ. ಆ ಜಗ್ಗಾಟಕ್ಕಿಂತ, ಯಾವ ಕಛೇರಿ ಯಾವ ಕಛೇರಿಗೆ ವರದಿ ಒಪ್ಪಿಸುತ್ತಿತ್ತು ಎಂಬ ಒಣ ವಿಷಯವೇ ನನಗೆ ಹೆಚ್ಚು ಹೇಳುವಂತೆ ಕಾಣುತ್ತದೆ.

ಮೊದಲು ಭೂಗೋಳ. ಪಶ್ಚಿಮಕ್ಕೆ ಪ್ರೂತ್ ನದಿ, ಪೂರ್ವಕ್ಕೆ ನೀಸ್ಟರ್ ನದಿ, ದಕ್ಷಿಣಕ್ಕೆ ಡ್ಯಾನ್ಯೂಬ್ ಮತ್ತು ಕಪ್ಪು ಸಮುದ್ರ. ಇವುಗಳ ನಡುವೆ ಸುಮಾರು 45 ಸಾವಿರ ಚದರ ಕಿಲೋಮೀಟರ್ ನೆಲ. ಇವತ್ತು ಅದರ ಬಹುಪಾಲು ಮೊಲ್ದೋವ ಗಣರಾಜ್ಯದಲ್ಲಿದೆ, ಉತ್ತರದ ತುದಿಯೂ ದಕ್ಷಿಣದ ಕರಾವಳಿಯೂ ಉಕ್ರೇನಿನಲ್ಲಿವೆ. ಮಣ್ಣು ಕಪ್ಪು, ಬೆಳೆ ದ್ರಾಕ್ಷಿ, ಮೆಕ್ಕೆಜೋಳ, ಗೋಧಿ. ಪ್ರಾಂತ್ಯದ ರಾಜಧಾನಿ ಕಿಶಿನೆವ್, ಈಗಿನ ಹೆಸರು ಕಿಶಿನಾವು.

ಇನ್ನು ಆಡಳಿತದ ನಾಲ್ಕೈದು ಪದಗಳನ್ನು ಕೈಯಲ್ಲಿ ಇಟ್ಟುಕೊಂಡರೆ ಮುಂದಿನದು ಸಲೀಸು. ಪೀಟರ್ ಮಹಾಶಯ 1708ರಲ್ಲಿ ದೇಶವನ್ನು ಎಂಟು 'ಗುಬೇರ್ನಿಯ'ಗಳಾಗಿ ಹಂಚಿದ. ಅವು ಎಷ್ಟು ದೊಡ್ಡವಾಗಿದ್ದವೆಂದರೆ ಗವರ್ನರನಿಗೆ ತನ್ನ ಪ್ರಾಂತ್ಯದ ಗಡಿ ನೋಡಲಿಕ್ಕೇ ವಾರಗಟ್ಟಲೆ ಬೇಕು. 1775ರಲ್ಲಿ ಎರಡನೆಯ ಕ್ಯಾಥರೀನ್ ಅದಕ್ಕೊಂದು ಲೆಕ್ಕ ತಂದಳು: ಮೂರರಿಂದ ನಾಲ್ಕು ಲಕ್ಷ ತೆರಿಗೆ ಕೊಡುವ ಗಂಡಾಳುಗಳಿಗೆ ಒಂದು ಗುಬೇರ್ನಿಯ, ಅದರೊಳಗೆ ಇಪ್ಪತ್ತರಿಂದ ಮೂವತ್ತು ಸಾವಿರಕ್ಕೆ ಒಂದು 'ಉಯೆಜ್ದ್'. ಉಯೆಜ್ದ್ ಅಂದರೆ ನಮ್ಮ ತಾಲ್ಲೂಕಿಗಿಂತ ದೊಡ್ಡದು, ಕೆಲಸದಲ್ಲಿ ಹೆಚ್ಚುಕಡಿಮೆ ಅದೇ. ಅದರ ಕೆಳಗೆ ಹಳ್ಳಿಗಳ ಗುಂಪು 'ವೋಲಸ್ತ್'. ಹೊಸದಾಗಿ ಗೆದ್ದ, ಇನ್ನೂ ಪೂರ್ತಿ ಪಳಗದ ಗಡಿಸೀಮೆಗೆ ಗುಬೇರ್ನಿಯ ಎಂಬ ಪಟ್ಟ ಸಿಗುತ್ತಿರಲಿಲ್ಲ. ಅದನ್ನು 'ಓಬ್ಲಾಸ್ತ್' ಎಂದು ಕರೆದು ಬೇರೆ ನಿಯಮದಡಿ ಇಡುತ್ತಿದ್ದರು. ಇವೆಲ್ಲದರ ಮೇಲೆ, ಕೆಲವು ಕಡೆ ಮಾತ್ರ, ಎರಡು ಮೂರು ಪ್ರಾಂತ್ಯಗಳನ್ನು ಒಟ್ಟಿಗೆ ನೋಡಿಕೊಳ್ಳುವ ಗವರ್ನರ್-ಜನರಲ್ ಇರುತ್ತಿದ್ದ. ಅವನು ಝಾರ್‌ನೊಂದಿಗೆ ನೇರ ಮಾತಾಡಬಲ್ಲವನು. ಬೆಸ್ಸರಾಬಿಯ ಈ ಎಲ್ಲ ಸ್ಥಿತಿಗಳನ್ನೂ ಒಂದಾದ ಮೇಲೊಂದು ಅನುಭವಿಸಿತು.

1812ಕ್ಕೆ ಮೊದಲು 'ಬೆಸ್ಸರಾಬಿಯ' ಎಂದರೆ ದಕ್ಷಿಣದ ಹುಲ್ಲುಗಾವಲು ಸೀಮೆ ಮಾತ್ರ. ಅಲ್ಲಿ ಒಟ್ಟೊಮನ್ನರ ಕೋಟೆಗಳು, ನೊಗಾಯ್ ತಾತಾರರ ಬೀಡುಗಳಿದ್ದವು. ಮಧ್ಯಭಾಗ ಮೊಲ್ದಾವಿಯ ಸಂಸ್ಥಾನದ ಪೂರ್ವಾರ್ಧ. ಉತ್ತರದ ಖೋತಿನ್ ಕೋಟೆಯ ಸುತ್ತಲಿನ ನೆಲವೂ ತುರ್ಕರದ್ದೇ. 1806ರಿಂದ ನಡೆದಿದ್ದ ರಷ್ಯಾ-ತುರ್ಕಿ ಯುದ್ಧ 1812ರ ಮೇ 28ರಂದು ಬುಖಾರೆಸ್ಟ್ ಒಪ್ಪಂದದಿಂದ ನಿಂತಿತು. ಆಗ ಮಾತುಕತೆ ನಡೆಸಿದ್ದು ದಂಡನಾಯಕ ಕುಟುಝೋವ್. ನೆಪೋಲಿಯನ್ ಗಡಿ ದಾಟಲು ಇನ್ನು ಒಂದು ತಿಂಗಳೂ ಇರಲಿಲ್ಲ, ಆದ್ದರಿಂದ ರಷ್ಯಕ್ಕೆ ಅವಸರ. ಇಡೀ ಮೊಲ್ದಾವಿಯ ಮತ್ತು ಅದರ ನೆರೆಯ ಸಂಸ್ಥಾನ ವಲಾಖಿಯ ಬೇಕೆಂದು ಶುರುಮಾಡಿದವರು ಪ್ರೂತ್ ನದಿಯವರೆಗೆ ಸಾಕೆಂದು ಇಳಿದರು. ಒಟ್ಟೊಮನ್ನರಿಗೆ ಮೊಲ್ದಾವಿಯ ಕಪ್ಪ ಕೊಡುವ ಸಂಸ್ಥಾನವೇ ಹೊರತು ಸ್ವಂತ ಆಸ್ತಿಯಲ್ಲ, ಅದರ ಅರ್ಧವನ್ನು ಬರೆದುಕೊಡುವ ಹಕ್ಕೇ ಇರಲಿಲ್ಲ ಎಂದು ರುಮೇನಿಯದ ಇತಿಹಾಸಕಾರರು ಇಂದಿಗೂ ಆಕ್ಷೇಪಿಸುತ್ತಾರೆ. ಸುಲ್ತಾನನ ಕಡೆಯಿಂದ ಮಾತುಕತೆಯಲ್ಲಿದ್ದ ದುಭಾಷಿ ದೆಮೆತ್ರಿಯೋಸ್ ಮೊರುಝಿ ಅದೇ ವರ್ಷ ತಲೆ ಕಳೆದುಕೊಂಡ. ಹೀಗೆ ಮೂರು ಬಗೆಯ ನೆಲವನ್ನು ಸೇರಿಸಿ ಹೊಲಿದ ಹೊಸ ತುಂಡಿಗೆಲ್ಲ ದಕ್ಷಿಣದ ಆ ಹಳೆಯ ಹೆಸರನ್ನೇ ಹಚ್ಚಲಾಯಿತು.

ರಷ್ಯಾ ಈ ನೆಲವನ್ನು ಮೊದಲು ಆಳಿದ್ದು ಅಚ್ಚರಿಯಾಗುವಷ್ಟು ಸೌಮ್ಯವಾಗಿ. ಅದರ ಹಿಂದೆ ಲೆಕ್ಕಾಚಾರವಿತ್ತು. ಪ್ರೂತ್‌ನ ಆಚೆ ದಂಡೆಯಲ್ಲಿ ಇನ್ನೂ ಸುಲ್ತಾನನ ಕೆಳಗಿದ್ದ ಮೊಲ್ದಾವಿಯನ್ನರು, ಬಲ್ಗೇರಿಯನ್ನರು, ಸೆರ್ಬರು, ಗ್ರೀಕರು ಇದ್ದರು, ಎಲ್ಲರೂ ಆರ್ಥಡಾಕ್ಸ್ ಕ್ರೈಸ್ತರು. ಈ ಪ್ರಾಂತ್ಯದ ಸುಖ ಕಂಡು ಅವರ ಕಣ್ಣು ರಷ್ಯದ ಕಡೆ ಹೊರಳಬೇಕು ಎಂಬುದು ಕುಟುಝೋವ್‌ನ ನಂತರ ಇಲ್ಲಿನ ಸೇನೆಯ ದಂಡನಾಯಕನಾದ ಅಡ್ಮಿರಲ್ ಚಿಚಾಗೋವ್ ಮೊದಲ ಗವರ್ನರನಿಗೆ ಕೊಟ್ಟ ಸೂಚನೆಯ ಸಾರ. ಆ ಮೊದಲ ಗವರ್ನರ್ ರಷ್ಯನ್ ಅಲ್ಲ, ಸ್ಕಾರ್ಲತ್ ಸ್ತುರ್ದ್ಝ ಎಂಬ ಮೊಲ್ದಾವಿಯದ ಕುಲೀನ. ಮೂರು ವರ್ಷ ತೆರಿಗೆಯಿಲ್ಲ, ಸೇನೆಗೆ ಆಳು ಹಿಡಿಯುವಂತಿಲ್ಲ, ಹಳೆಯ ಕಾನೂನು, ಹಳೆಯ ಭಾಷೆ, ಹಳೆಯ ಪದ್ಧತಿ ಎಲ್ಲ ಮುಂದುವರಿಯಲಿ. ಪೀಟರ್ಸ್‌ಬರ್ಗ್‌ನಲ್ಲಿ ಇದಕ್ಕೆ ಬೆನ್ನೆಲುಬಾಗಿ ನಿಂತವನು ಕೊರ್ಫು ದ್ವೀಪದ ಗ್ರೀಕ್ ಕಾಪೊದಿಸ್ತ್ರಿಯ. ರಷ್ಯದ ವಿದೇಶಾಂಗ ಖಾತೆ ನೋಡಿಕೊಳ್ಳುತ್ತಿದ್ದ ಈತ ಮುಂದೆ ಸ್ವತಂತ್ರ ಗ್ರೀಸಿನ ಮೊದಲ ಮುಖ್ಯಸ್ಥನಾದ.

ಕಾಗದದ ಮೇಲಿನ ಸೌಮ್ಯತೆ ನೆಲದ ಮೇಲೆ ಅಷ್ಟು ಸುಂದರವಾಗಿರಲಿಲ್ಲ. ಸ್ತುರ್ದ್ಝನಿಗೆ ವಯಸ್ಸಾಗಿತ್ತು, ಕಾಯಿಲೆಯಿತ್ತು. 1813ರಲ್ಲಿ ಅವನ ಜಾಗಕ್ಕೆ ಬಂದ ಜನರಲ್ ಹಾರ್ಟಿಂಗ್‌ಗೂ ಸ್ಥಳೀಯ ಬೊಯಾರ್‌ಗಳಿಗೂ, ಅಂದರೆ ಜಮೀನುದಾರ ಕುಲೀನರಿಗೂ, ಎಣ್ಣೆ ಸೀಗೇಕಾಯಿ. ಈ ಹಳೆಯ ಕಾನೂನೆಲ್ಲ ಬಲಾಢ್ಯರು ತಮಗೆ ಬೇಕಾದಂತೆ ತಿರುಚುವ ಸಾಮಗ್ರಿ ಎಂಬುದು ಅವನ ವಾದ, ನಮ್ಮ ಹಕ್ಕು ಕಸಿಯಲು ಬಂದವನು ಎಂಬುದು ಅವರ ದೂರು. ಇಬ್ಬರ ಮಾತಿನಲ್ಲೂ ಹುರುಳಿತ್ತು ಅನ್ನಿಸುತ್ತದೆ. ದೂರುಗಳು ಪೀಟರ್ಸ್‌ಬರ್ಗ್ ತಲುಪಿ, 1816ರಲ್ಲಿ ಹಾರ್ಟಿಂಗ್ ಬದಲು ಬಖ್ಮೇತೆವ್ ಎಂಬವನನ್ನು ಪೂರ್ಣಾಧಿಕಾರದ ಪ್ರತಿನಿಧಿಯಾಗಿ ಕಳಿಸಿದರು.

1818ರ ಏಪ್ರಿಲ್‌ನಲ್ಲಿ ಝಾರ್ ಒಂದನೆಯ ಅಲೆಕ್ಸಾಂಡರ್ ಸ್ವತಃ ಕಿಶಿನೆವ್‌ಗೆ ಬಂದು 'ಬೆಸ್ಸರಾಬಿಯ ಓಬ್ಲಾಸ್ತ್ ರಚನೆಯ ಶಾಸನ'ಕ್ಕೆ ಒಪ್ಪಿಗೆ ಕೊಟ್ಟ. ಪ್ರಾಂತ್ಯದ ತುದಿಯಲ್ಲಿ 'ಸುಪ್ರೀಂ ಕೌನ್ಸಿಲ್'. ಅದರಲ್ಲಿ ಸರ್ಕಾರಿ ಅಧಿಕಾರಿಗಳ ಪಕ್ಕದಲ್ಲೇ ಸ್ಥಳೀಯ ಕುಲೀನರು ಆರಿಸಿದ ಪ್ರತಿನಿಧಿಗಳು ಕೂರುತ್ತಿದ್ದರು, ತೀರ್ಮಾನ ಬಹುಮತದಿಂದ. ಆಡಳಿತ ಮತ್ತು ಅಪರಾಧ ವಿಚಾರಣೆ ರಷ್ಯನ್ ಮತ್ತು ಮೊಲ್ದಾವಿಯನ್ ಎರಡೂ ಭಾಷೆಯಲ್ಲಿ, ಆಸ್ತಿಪಾಸ್ತಿಯ ವ್ಯಾಜ್ಯ ಸ್ಥಳೀಯ ಕಾನೂನಿನ ಪ್ರಕಾರ ಸ್ಥಳೀಯ ಭಾಷೆಯಲ್ಲೇ. ಇದೇ ವರ್ಷ ಅಲೆಕ್ಸಾಂಡರ್ ಪೋಲೆಂಡಿನಲ್ಲಿ ತಾನೇ ಸಂವಿಧಾನ ಕೊಟ್ಟ ಸಂಸತ್ತನ್ನು ಉದ್ಘಾಟಿಸಿದ್ದ, ಫಿನ್ಲೆಂಡಿಗೂ ಅದಕ್ಕೆ ಒಂಬತ್ತು ವರ್ಷ ಮುಂಚೆ ಅದರದೇ ಕಾನೂನು ಉಳಿಸಿಕೊಟ್ಟಿದ್ದ. ಬೆಸ್ಸರಾಬಿಯ ಅದೇ ಸಾಲಿನ ಮೂರನೆಯ, ಚಿಕ್ಕ ಪ್ರಯೋಗ. ಅಂಚಿನ ಪ್ರಾಂತ್ಯಗಳಿಗೆ ಇಷ್ಟೆಲ್ಲ ಕೊಟ್ಟವನು ನಡುನಾಡಿನ ರಷ್ಯನ್ನರಿಗೆ ಮಾತ್ರ ಇದರಲ್ಲಿ ಒಂದನ್ನೂ ಕೊಡಲಿಲ್ಲ ಎಂಬುದನ್ನು ಮರೆಯಬಾರದು.

'ಸ್ಥಳೀಯ ಕಾನೂನು' ಎಂದು ಬರೆದುಬಿಟ್ಟರೆ ಆಯಿತೇ? ಆ ಕಾನೂನು ಯಾವುದು ಎಂದು ಗೊತ್ತಾಗಬೇಕಲ್ಲ. ಹುಡುಕಿದಾಗ ಸಿಕ್ಕಿದ್ದು ಮೂರು. ಒಂದು, ಮೊದಲೇ ಹೇಳಿದ ಹರ್ಮೆನೊಪುಲೋಸನ 'ಆರು ಪುಸ್ತಕ'. ಎರಡು, ಆಂದ್ರೊನಾಕಿ ದೊನಿಚ್ ಎಂಬ ಮೊಲ್ದಾವಿಯದ ವಕೀಲ ಅದನ್ನೂ ಇತರ ಬೈಜಾಂಟಿಯಂ ಮೂಲಗಳನ್ನೂ ಸಂಗ್ರಹಿಸಿ 1814ರಲ್ಲಿ ಅಚ್ಚು ಹಾಕಿಸಿದ್ದ ಕೈಪಿಡಿ. ಮೂರು, ಮೊಲ್ದಾವಿಯದ ದೊರೆ ಅಲೆಕ್ಸಾಂಡ್ರು ಮವ್ರೊಕೊರ್ದತ್ 1785ರಲ್ಲಿ ಹೊರಡಿಸಿದ್ದ ಒಂದು ಸನ್ನದು. ಇವನ್ನೆಲ್ಲ ಕ್ರೋಡೀಕರಿಸಿ, ರಷ್ಯನ್‌ಗೆ ತಂದು, ಒಂದು ಸಂಹಿತೆ ಮಾಡಬೇಕೆಂದು ಸಮಿತಿಗಳಾದವು, ಕರಡುಗಳಾದವು. ಪೂರ್ಣ ಸಂಹಿತೆ ಕೊನೆಗೂ ಜಾರಿಯಾಗಲಿಲ್ಲ.

ಈ ಕೆಲಸಕ್ಕೆ ಒಂದು ಕುತೂಹಲದ ಕೈ ಸೇರಿತ್ತು. 1820ರಲ್ಲಿ ಬಖ್ಮೇತೆವ್ ಹೋಗಿ ಜನರಲ್ ಇನ್ಝೋವ್ ಹಂಗಾಮಿಯಾಗಿ ಪ್ರಾಂತ್ಯ ನೋಡಿಕೊಳ್ಳತೊಡಗಿದ. ಅದೇ ವರ್ಷ ಸರ್ಕಾರವನ್ನು ಗೇಲಿಮಾಡುವ ಪದ್ಯ ಬರೆದ ತಪ್ಪಿಗೆ ರಾಜಧಾನಿಯಿಂದ ದೂರ ಅಟ್ಟಿದ್ದ ಇಪ್ಪತ್ತೊಂದರ ಹರೆಯದ ಒಬ್ಬ ಗುಮಾಸ್ತ ಅವನ ಕಛೇರಿಗೆ ಬಂದ. ಹೆಸರು ಅಲೆಕ್ಸಾಂಡರ್ ಪುಷ್ಕಿನ್. ಹುಡುಗನಿಗೆ ಏನು ಕೆಲಸ ಕೊಟ್ಟಿದ್ದೀರಿ ಎಂದು ಮೇಲಿನವರು ಕೇಳಿದಾಗ, ಫ್ರೆಂಚಿನಲ್ಲಿ ಸಿದ್ಧವಾಗಿದ್ದ ಮೊಲ್ದಾವಿಯದ ಕಾನೂನುಗಳನ್ನು ರಷ್ಯನ್‌ಗೆ ಅನುವಾದಿಸಲು ಹಚ್ಚಿದ್ದೇನೆ ಎಂದು ಇನ್ಝೋವ್ ವರದಿ ಮಾಡಿದ. ಪುಷ್ಕಿನ್ ಎಷ್ಟು ಪುಟ ಮಾಡಿದನೋ, ದ್ವಂದ್ವಯುದ್ಧಗಳಿಗೂ ಇಸ್ಪೀಟಿಗೂ ಅವನಿಗೆ ಸಮಯ ಸಾಲುತ್ತಿರಲಿಲ್ಲ ಎನ್ನುವುದು ಮಾತ್ರ ಪ್ರಸಿದ್ಧ.

ಸ್ವಾಯತ್ತತೆಯ ಪ್ರಯೋಗ ಹತ್ತು ವರ್ಷವೂ ಬಾಳಲಿಲ್ಲ. 1821ರಲ್ಲಿ ಅಲೆಕ್ಸಾಂಡ್ರೊಸ್ ಇಪ್ಸಿಲಾಂತಿಸ್ ಎಂಬ, ರಷ್ಯನ್ ಸೇನೆಯಲ್ಲೇ ಜನರಲ್ ಆಗಿದ್ದ ಗ್ರೀಕ್ ನಾಯಕ ಕಿಶಿನೆವ್‌ನಲ್ಲಿ ಸಿದ್ಧತೆ ನಡೆಸಿ, ಪ್ರೂತ್ ದಾಟಿ ತುರ್ಕರ ವಿರುದ್ಧ ದಂಗೆಯೆದ್ದ. ನೆರೆಯವರನ್ನು ಸೆಳೆಯುವ ಪ್ರದರ್ಶನದ ಪ್ರಾಂತ್ಯ ಹೀಗೆ ನೆರೆಯವರ ದಂಗೆಯ ಅಡ್ಡೆಯಾಯಿತು, ಯುರೋಪಿನ ರಾಜರ ಮುಂದೆ ಅಲೆಕ್ಸಾಂಡರನಿಗೆ ಮುಜುಗರವಾಯಿತು. ಮರುವರ್ಷ ಕಾಪೊದಿಸ್ತ್ರಿಯ ಪೀಟರ್ಸ್‌ಬರ್ಗ್ ಬಿಟ್ಟ. 1823ರಲ್ಲಿ ಮಿಖಾಯಿಲ್ ವೊರೊಂತ್ಸೊವ್ ಬಂದ. ಲಂಡನ್‌ನಲ್ಲಿ ರಷ್ಯದ ರಾಯಭಾರಿಯಾಗಿದ್ದವನ ಮಗ, ಅಲ್ಲೇ ಬೆಳೆದವನು, ಅಚ್ಚುಕಟ್ಟಿನ ಆಡಳಿತಗಾರ. ಅವನ ಹುದ್ದೆ ನವರಷ್ಯದ, ಅಂದರೆ ಕಪ್ಪು ಸಮುದ್ರದ ಉತ್ತರದಡದ ಪ್ರಾಂತ್ಯಗಳ, ಗವರ್ನರ್-ಜನರಲ್ ಮತ್ತು ಬೆಸ್ಸರಾಬಿಯದ ಪ್ರತಿನಿಧಿ, ವಾಸ ಒಡೆಸ್ಸಾದಲ್ಲಿ. ಅವನ ಕಣ್ಣಿಗೆ ಈ ಸ್ವಾಯತ್ತತೆ ನಾಲ್ಕಾರು ಬೊಯಾರ್ ಮನೆತನಗಳ ಜಗಳದ ಕಟ್ಟೆ.

1828ರ ಹೊಸ ಶಾಸನ ಅವನ ಕೈಕೆಲಸ. ಸುಪ್ರೀಂ ಕೌನ್ಸಿಲ್ ಹೋಗಿ, ಸಲಹೆಗಷ್ಟೇ ಸೀಮಿತವಾದ 'ಓಬ್ಲಾಸ್ತ್ ಕೌನ್ಸಿಲ್' ಬಂತು. ಕಡತದ ಭಾಷೆ ರಷ್ಯನ್, ಬೇಕೇ ಬೇಕಾದಲ್ಲಿ ಮೊಲ್ದಾವಿಯನ್ ಭಾಷಾಂತರ. ಅಪರಾಧಗಳಿಗೆ ರಷ್ಯನ್ ಕಾನೂನು. ಕಿಶಿನೆವ್‌ನ ಗವರ್ನರ್ ಇನ್ನು ಒಡೆಸ್ಸಾ ಕಡೆ ಮುಖ ಮಾಡಿ ಕೂರಬೇಕು. ಇದಕ್ಕೆ ದೊಡ್ಡ ಪ್ರತಿಭಟನೆಯೇನೂ ನಡೆಯಲಿಲ್ಲ. ಕಾರಣ ಸರಳ: 1818ರ ಸ್ವಾಯತ್ತತೆ ಕುಲೀನರಿಗೆ ಕೊಟ್ಟದ್ದು, ಆ ಕುಲೀನರಿಗೆ ಅಷ್ಟರಲ್ಲಿ ರಷ್ಯನ್ ಕುಲೀನರ ಸಮಸ್ತ ಹಕ್ಕುಗಳೂ ಸಿಕ್ಕಿದ್ದವು. ರೈತನಿಗೆ ಕೌನ್ಸಿಲ್ ಇದ್ದಾಗಲೂ ಅಷ್ಟೇ, ಹೋದಾಗಲೂ ಅಷ್ಟೇ.

ಆದರೆ ವೊರೊಂತ್ಸೊವ್ ಎಲ್ಲವನ್ನೂ ಗುಡಿಸಿ ಹಾಕಲಿಲ್ಲ, ಮುಂದಿನ ಕತೆಗೆ ಬೇಕಾದ್ದು ಇದೇ. ಆಸ್ತಿ, ಮದುವೆಯ ಬಳುವಳಿ, ಉತ್ತರಾಧಿಕಾರದ ವ್ಯಾಜ್ಯಗಳಲ್ಲಿ ಹಳೆಯ ಕಾನೂನನ್ನು ಮುಟ್ಟದೆ ಬಿಟ್ಟ. ಸಂಹಿತೆಯಾಗದಿದ್ದರೂ ಹರ್ಮೆನೊಪುಲೋಸ್ ಮತ್ತು ದೊನಿಚ್ ರಷ್ಯನ್ ಅನುವಾದದಲ್ಲಿ ಅಚ್ಚಾದರು, ಆ ಅಚ್ಚನ್ನೇ ನ್ಯಾಯಾಲಯಗಳು ಬಳಸತೊಡಗಿದವು. ಎರಡನೆಯದಾಗಿ, ರಷ್ಯದ ಜೀತಗಾರಿಕೆ ಇಲ್ಲಿಗೆ ಬರಲಿಲ್ಲ. ಮೊಲ್ದಾವಿಯದಲ್ಲಿ ರೈತರ ಜೀತ 18ನೇ ಶತಮಾನದಲ್ಲೇ ರದ್ದಾಗಿತ್ತು. ಬೊಯಾರ್‌ನ ಹೊಲದಲ್ಲಿ ವರ್ಷಕ್ಕಿಷ್ಟು ದಿನ ಬಿಟ್ಟಿ ದುಡಿಯಬೇಕಿದ್ದರೂ ರೈತ ಅವನ ಸೊತ್ತಾಗಿರಲಿಲ್ಲ, ಊರು ಬಿಟ್ಟು ಹೋಗಬಹುದಿತ್ತು. ಆದ್ದರಿಂದಲೇ ನೀಸ್ಟರ್‌ನ ಆಚೆಯ ಉಕ್ರೇನಿಯನ್ ಗುಬೇರ್ನಿಯಗಳಿಂದ ಜೀತದಾಳುಗಳು ರಾತ್ರೋರಾತ್ರಿ ನದಿ ದಾಟಿ ಇಲ್ಲಿಗೆ ಓಡಿಬರುತ್ತಿದ್ದರು. ಈ ಸ್ವಾತಂತ್ರ್ಯದ ಲೆಕ್ಕದಲ್ಲಿ ರೋಮಾ ಜನ ಸೇರಿರಲಿಲ್ಲ. ಬೊಯಾರ್‌ಗಳ, ಮಠಗಳ ಗುಲಾಮರಾಗಿದ್ದ ಅವರಿಗೆ ಬಿಡುಗಡೆ ಸಿಕ್ಕಿದ್ದು 1861ರಲ್ಲಿ, ರಷ್ಯದ ಜೀತದಾಳುಗಳ ಜೊತೆಗೆ.

ಉಳಿದ ಹಳೆಯದರಲ್ಲಿ ನನಗೆ ಇಷ್ಟವಾದದ್ದು ಒಂದು ಉಯೆಜ್ದ್‌ನ ಹೆಸರು. ಮೊಲ್ದಾವಿಯದ ರಾಜಧಾನಿ ಯಾಶಿ ಪ್ರೂತ್‌ನ ಪಶ್ಚಿಮಕ್ಕಿತ್ತು, ಆದರೆ ಯಾಶಿ ಜಿಲ್ಲೆಯ ಹಳ್ಳಿಗಳು ನದಿಯ ಎರಡೂ ದಂಡೆಯಲ್ಲಿದ್ದವು. 1812ರ ಗಡಿ ನದಿಯ ಮಧ್ಯದಲ್ಲಿ ಬಿತ್ತು. ಪಟ್ಟಣ ಆಚೆ ದೇಶದಲ್ಲಿ, ಜಿಲ್ಲೆಯ ಅರ್ಧ ಈಚೆ. ಈಚೆಯ ಅರ್ಧಕ್ಕೆ ಬೆಲ್ತ್ಸಿ ಎಂಬ ಸಂತೆಯೂರನ್ನು ಕೇಂದ್ರ ಮಾಡಿದರು, ಹೆಸರು ಮಾತ್ರ 'ಯಾಶಿ ಉಯೆಜ್ದ್' ಎಂದೇ ಉಳಿಯಿತು. ಪರದೇಶದ ಪಟ್ಟಣದ ಹೆಸರು ಹೊತ್ತ ತಾಲ್ಲೂಕಿನ ಕಾಗದಪತ್ರ ಎಪ್ಪತ್ತೈದು ವರ್ಷ ಓಡಾಡಿದ ಮೇಲೆ, 1887ರಲ್ಲಿ ಯಾರಿಗೋ ಎಚ್ಚರವಾಗಿ ಅದು 'ಬೆಲ್ತ್ಸಿ ಉಯೆಜ್ದ್' ಆಯಿತು.

ದಕ್ಷಿಣದ ಹುಲ್ಲುಗಾವಲಿನ ಕತೆ ಬೇರೆಯೇ. ನೊಗಾಯ್ ತಾತಾರರನ್ನು ಅಲ್ಲಿಂದ ತೆರವುಗೊಳಿಸಿದ್ದರಿಂದ ನೆಲ ಖಾಲಿಯಿತ್ತು. ಡ್ಯಾನ್ಯೂಬ್ ದಾಟಿ ಬಂದ ಬಲ್ಗೇರಿಯನ್ನರಿಗೂ ಗಗೌಝರಿಗೂ, ಅಂದರೆ ತುರ್ಕಿ ಭಾಷೆಯಾಡುವ ಆರ್ಥಡಾಕ್ಸ್ ಕ್ರೈಸ್ತರಿಗೂ, ಸರ್ಕಾರ ಜಮೀನು ಕೊಟ್ಟಿತು. 1814ರಿಂದ ಜರ್ಮನ್ ಒಕ್ಕಲುಗಳು ಬಂದವು. ನೆಪೋಲಿಯನ್ನನನ್ನು ಸೋಲಿಸಿದ ಹೊಸತು, ಹಾಗಾಗಿ ಅವರ ಹಳ್ಳಿಗಳಿಗೆ ಆ ಯುದ್ಧದ ರಣರಂಗಗಳ ಹೆಸರೇ ಬಿತ್ತು: ತರುತಿನೊ, ಬೊರೊದಿನೊ, ಕುಲ್ಮ್, ಲೈಪ್‌ಝಿಗ್, ಆರ್ಸಿಸ್, ಬ್ರಿಯೆನ್, ಪ್ಯಾರಿಸ್ ಕೂಡ. 1822ರಲ್ಲಿ ಸ್ವಿಟ್ಜರ್ಲೆಂಡಿನ ವೋ ಸೀಮೆಯಿಂದ ದ್ರಾಕ್ಷಿ ಬೆಳೆಗಾರರು ಬಂದು ನೀಸ್ಟರ್ ಅಳಿವೆಯ ಬಳಿ ಶಾಬೊ ಎಂಬ ಊರು ಕಟ್ಟಿದರು. ಅಲ್ಲಿ ಇವತ್ತಿಗೂ ವೈನ್ ಮಾಡುತ್ತಾರೆ. ಆಡಳಿತದ ದೃಷ್ಟಿಯಿಂದ ಮುಖ್ಯ ಸಂಗತಿ ಏನೆಂದರೆ, ಈ 'ವಸಾಹತುಗಾರರು' ಕಿಶಿನೆವ್‌ನ ಕೈಕೆಳಗೆ ಇರಲೇ ಇಲ್ಲ. ದಕ್ಷಿಣ ರಷ್ಯದ ವಸಾಹತುಗಾರರ ಸಮಿತಿ ಎಂಬ ಪ್ರತ್ಯೇಕ ಸಂಸ್ಥೆ ಅವರ ತೆರಿಗೆ, ಜಮೀನು, ತಂಟೆತಕರಾರು ನೋಡುತ್ತಿತ್ತು. ಇನ್ಝೋವ್ ಆ ಸಮಿತಿಯ ಮುಖ್ಯಸ್ಥನಾಗಿ ಎಷ್ಟು ಬೇರೂರಿದ್ದನೆಂದರೆ ಬಲ್ಗೇರಿಯನ್ನರು ಅವನನ್ನು ಇಂದಿಗೂ ನೆನೆಯುತ್ತಾರೆ, ಅವನ ಸಮಾಧಿಯೂ ಅವರ ಪಟ್ಟಣ ಬೋಲ್ಗ್ರಾದ್‌ನಲ್ಲೇ ಇದೆ. ಒಂದೇ ಪ್ರಾಂತ್ಯದೊಳಗೆ ಪಕ್ಕಪಕ್ಕದ ಎರಡು ಹಳ್ಳಿಗಳಿಗೆ ಎರಡು ಬೇರೆ ಸರ್ಕಾರ ಎಂಬಂಥ ಈ ವ್ಯವಸ್ಥೆ 1871ರವರೆಗೆ ನಡೆಯಿತು.

ಆ ಬೋಲ್ಗ್ರಾದ್ ಪಟ್ಟಣವೇ 1856ರಲ್ಲಿ ಯುರೋಪಿನ ಮಹಾಶಕ್ತಿಗಳನ್ನು ತಿಂಗಳುಗಟ್ಟಲೆ ಕಾಡಿತು. ಕ್ರಿಮಿಯ ಯುದ್ಧದಲ್ಲಿ ರಷ್ಯಾ ಸೋತಿತ್ತು. ರಷ್ಯವನ್ನು ಡ್ಯಾನ್ಯೂಬ್‌ನ ದಂಡೆಯಿಂದಲೇ ಹಿಂದೆ ಸರಿಸಬೇಕೆಂಬುದು ಗೆದ್ದವರ ಹಟ. ಅದಕ್ಕಾಗಿ ಪ್ಯಾರಿಸ್ ಒಪ್ಪಂದದಲ್ಲಿ ದಕ್ಷಿಣ ಬೆಸ್ಸರಾಬಿಯದ ಒಂದು ಪಟ್ಟಿಯನ್ನು ಮೊಲ್ದಾವಿಯಕ್ಕೆ ಹಿಂದಿರುಗಿಸಲಾಯಿತು. ಹೊಸ ಗಡಿ 'ಬೋಲ್ಗ್ರಾದ್‌ನ ದಕ್ಷಿಣಕ್ಕೆ' ಹೋಗುತ್ತದೆ ಎಂದು ಬರೆದರು, ಅಂದರೆ ಬೋಲ್ಗ್ರಾದ್ ರಷ್ಯಕ್ಕೇ ಉಳಿಯಬೇಕು, ಪಾಪ, ವಸಾಹತುಗಾರರ ಮುಖ್ಯ ಪಟ್ಟಣ ಎಂದು ಎಲ್ಲರೂ ಒಪ್ಪಿದ್ದರು. ಮೇಜಿನ ಮೇಲಿದ್ದ ನಕ್ಷೆಯಲ್ಲಿ ಊರು ನೀರಿನಿಂದ ದೂರದಲ್ಲಿ ಕಾಣುತ್ತಿತ್ತು. ಗಡಿ ಗುರುತಿಸಲು ಹೋದವರು ಕಂಡದ್ದು ಬೇರೆ. ನಿಜವಾದ ಬೋಲ್ಗ್ರಾದ್ ಯಾಲ್ಪುಗ್ ಸರೋವರದ ತಲೆಯಲ್ಲೇ ಕೂತಿದೆ, ಆ ಸರೋವರ ಹೋಗಿ ಡ್ಯಾನ್ಯೂಬ್‌ಗೆ ತಾಗುತ್ತದೆ. ಪಟ್ಟಣ ಕೊಟ್ಟರೆ ನದಿಯ ಬಾಗಿಲನ್ನೂ ಕೊಟ್ಟಂತೆ. ರಷ್ಯಾ ಒಪ್ಪಂದದ ಅಕ್ಷರ ಹಿಡಿದು ಕೂತಿತು, ಬ್ರಿಟನ್ ಒಪ್ಪಂದದ ಉದ್ದೇಶ ಹಿಡಿದು ಕೂತಿತು, ಜೊತೆಗೆ ತನ್ನ ಹಡಗುಗಳನ್ನು ಕಪ್ಪು ಸಮುದ್ರದಿಂದ ಕದಲಿಸಲಿಲ್ಲ. ಕೊನೆಗೆ 1857ರ ಜನವರಿಯಲ್ಲಿ ರಾಜಿಯಾಯಿತು: ಬೋಲ್ಗ್ರಾದ್ ಮೊಲ್ದಾವಿಯಕ್ಕೆ, ಅದಕ್ಕೆ ಬದಲಾಗಿ ಕೊಮ್ರಾತ್ ಸುತ್ತಲಿನ ನೆಲ ರಷ್ಯಕ್ಕೆ. ಮರುವರ್ಷವೇ ಮೊಲ್ದಾವಿಯದ ಸರ್ಕಾರ ಬೋಲ್ಗ್ರಾದ್‌ನ ಬಲ್ಗೇರಿಯನ್ನರಿಗೆ ಅವರ ಭಾಷೆಯಲ್ಲೇ ಕಲಿಸುವ ಪ್ರೌಢಶಾಲೆಗೆ ಸನ್ನದು ಕೊಟ್ಟಿತು. ಮೊಲ್ದಾವಿಯ ಮತ್ತು ವಲಾಖಿಯ 1859ರಲ್ಲಿ ಒಂದಾಗಿ ರುಮೇನಿಯ ಹುಟ್ಟಿದಾಗ ಕಾಹುಲ್, ಬೋಲ್ಗ್ರಾದ್, ಇಝ್ಮಾಯಿಲ್ ಎಂಬ ಈ ಮೂರು ಜಿಲ್ಲೆಗಳೂ ಅದರ ಭಾಗವಾದವು.

ರಷ್ಯಕ್ಕೆ ಉಳಿದ ಭಾಗದಲ್ಲಿ ಎರಡನೆಯ ಅಲೆಕ್ಸಾಂಡರನ ಸುಧಾರಣೆಗಳು ಸ್ವಲ್ಪ ತಡವಾಗಿ ಬಂದವು. 1868ರಲ್ಲಿ ರೈತರಿಗೆ ಕಂತಿನ ಮೇಲೆ ಜಮೀನು ಕೊಳ್ಳುವ ಕಾನೂನು, 1869ರಲ್ಲಿ ಹೊಸ ನ್ಯಾಯಾಲಯಗಳು ಮತ್ತು 'ಜೆಮ್ಸ್ತ್ವೊ'. ಈ ಜೆಮ್ಸ್ತ್ವೊ ಎಂದರೆ ಉಯೆಜ್ದ್ ಮತ್ತು ಗುಬೇರ್ನಿಯ ಮಟ್ಟದ ಚುನಾಯಿತ ಮಂಡಳಿ. ಜಮೀನುದಾರರು, ಪಟ್ಟಣಿಗರು, ಹಳ್ಳಿಗರು ಬೇರೆಬೇರೆಯಾಗಿ ಮತ ಹಾಕುತ್ತಿದ್ದರು, ತೂಕ ಜಮೀನುದಾರರ ಕಡೆಗೇ. ರಸ್ತೆ, ಶಾಲೆ, ಆಸ್ಪತ್ರೆ, ಪಶುವೈದ್ಯ, ಬೆಂಕಿ ವಿಮೆ ಅದರ ಪಾಲು. ಪೊಲೀಸ್, ರಾಜಕೀಯ ಅದಕ್ಕೆ ನಿಷಿದ್ಧ. ಸಾಮಾನ್ಯವಾಗಿ ಗಡಿಯ ಓಬ್ಲಾಸ್ತ್‌ಗಳಿಗೆ ಜೆಮ್ಸ್ತ್ವೊ ಕೊಡುತ್ತಿರಲಿಲ್ಲ, ಬೆಸ್ಸರಾಬಿಯಕ್ಕೆ ಕೊಟ್ಟರು. ಆಗಲೇ ಅದು ಗುಬೇರ್ನಿಯದಂತೆ ನಡೆಯುತ್ತಿತ್ತು, ಹೆಸರು ಬದಲಾಗುವುದಷ್ಟೇ ಬಾಕಿ. 1873ರಲ್ಲಿ ಅದೂ ಆಗಿ 'ಬೆಸ್ಸರಾಬಿಯ ಗುಬೇರ್ನಿಯ' ಎಂದಾಯಿತು. ಮರುವರ್ಷ ಒಡೆಸ್ಸಾದ ಗವರ್ನರ್-ಜನರಲ್ ಹುದ್ದೆಯೇ ರದ್ದಾಗಿ ಕಿಶಿನೆವ್‌ನ ಗವರ್ನರ್ ನೇರವಾಗಿ ಪೀಟರ್ಸ್‌ಬರ್ಗ್‌ನ ಒಳಾಡಳಿತ ಸಚಿವಾಲಯಕ್ಕೆ ಉತ್ತರ ಕೊಡತೊಡಗಿದ. ಜೆಮ್ಸ್ತ್ವೊ 1889ರಲ್ಲಿ ಶುರುಮಾಡಿದ ವಸ್ತುಸಂಗ್ರಹಾಲಯ ಇಂದಿಗೂ ಕಿಶಿನಾವುವಿನಲ್ಲಿದೆ, ಅದರ ಮೂರ್ ಶೈಲಿಯ ಕಟ್ಟಡದ ಮುಂದೆ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ.

ಇಷ್ಟೊತ್ತಿಗೆ ಎಲ್ಲವೂ ಏಕರೂಪವಾಯಿತು ಎನ್ನುವಷ್ಟರಲ್ಲಿ 1878 ಬಂತು. ತುರ್ಕಿಯ ಮೇಲೆ ಮತ್ತೊಂದು ಯುದ್ಧ, ಈ ಸಲ ರುಮೇನಿಯ ರಷ್ಯದ ಜೊತೆಗೆ ನಿಂತು ಹೋರಾಡಿತು. ಬಹುಮಾನವಾಗಿ ಬರ್ಲಿನ್ ಒಪ್ಪಂದದಲ್ಲಿ ಆ ಮೂರು ದಕ್ಷಿಣ ಜಿಲ್ಲೆಗಳನ್ನು ಕಳೆದುಕೊಂಡಿತು, ಪ್ರತಿಯಾಗಿ ಕಪ್ಪು ಸಮುದ್ರದ ದಡದ ಉತ್ತರ ದೊಬ್ರುಜ ಸಿಕ್ಕಿತು. ಬುಖಾರೆಸ್ಟ್ ಈ ಗಾಯವನ್ನು ಮರೆಯಲಿಲ್ಲ. ರಷ್ಯಾ ಮೂರು ಜಿಲ್ಲೆಗಳನ್ನು ಕೂಡಿಸಿ 'ಇಝ್ಮಾಯಿಲ್ ಉಯೆಜ್ದ್' ಮಾಡಿತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿನ ಜನ ರುಮೇನಿಯದ ಪದ್ಧತಿಗೆ ಒಗ್ಗಿಹೋಗಿದ್ದರು. ಹಳ್ಳಿಗೊಂದು 'ಕೊಮ್ಯೂನ್', ಅದರಲ್ಲಿ ಕುಲೀನ, ರೈತ ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಪುರಸಭೆಯ ಸದಸ್ಯರು. ರಷ್ಯದ ವೋಲಸ್ತ್ ಆದರೋ ರೈತರಿಗಷ್ಟೇ ಮೀಸಲು. ಪೀಟರ್ಸ್‌ಬರ್ಗ್ ಯೋಚಿಸಿ ಕೊಮ್ಯೂನ್‌ಗಳನ್ನು ಹಾಗೆಯೇ ಬಿಟ್ಟುಕೊಟ್ಟಿತು, ಜೆಮ್ಸ್ತ್ವೊ ತರಲಿಲ್ಲ. ಹೀಗೆ ಗುಬೇರ್ನಿಯದ ಎಂಟು ಉಯೆಜ್ದ್‌ಗಳಲ್ಲಿ ಏಳು ರಷ್ಯದ ಪದ್ಧತಿಯಲ್ಲಿ, ಎಂಟನೆಯದು ಶತ್ರುವಿನಂತೆ ದಿಟ್ಟಿಸುತ್ತಿದ್ದ ನೆರೆದೇಶದ ಪದ್ಧತಿಯಲ್ಲಿ. ತಾತ್ಕಾಲಿಕ ಎಂದು ಶುರುವಾದದ್ದು ಸಾಮ್ರಾಜ್ಯ ಇರುವವರೆಗೂ ನಡೆಯಿತು.

1897ರ ಜನಗಣತಿಯಲ್ಲಿ ಗುಬೇರ್ನಿಯದ ಜನಸಂಖ್ಯೆ 19,35,412. ಮಾತೃಭಾಷೆಯ ಪ್ರಕಾರ ಮೊಲ್ದಾವಿಯನ್ನರು ಶೇ. 47.6, ಉಕ್ರೇನಿಯನ್ನರು ಶೇ. 19.6, ಯಹೂದಿಗಳು ಶೇ. 11.8, ರಷ್ಯನ್ನರು ಶೇ. 8ರಷ್ಟು, ಉಳಿದವರು ಬಲ್ಗೇರಿಯನ್ನರು, ಜರ್ಮನ್ನರು, ಗಗೌಝರು. 1812ರಲ್ಲಿ ಏಳು ಸಾವಿರದಷ್ಟು ಜನರಿದ್ದ ಕಿಶಿನೆವ್ ಒಂದು ಲಕ್ಷ ದಾಟಿತ್ತು, ಅದರಲ್ಲಿ ಅರ್ಧಕ್ಕೆ ಹತ್ತಿರ ಯಹೂದಿಗಳು. ಅರ್ಧದಷ್ಟು ಜನರ ಭಾಷೆಯಾದ ಮೊಲ್ದಾವಿಯನ್‌ಗೆ ಶಾಲೆಯಲ್ಲೂ ಕಛೇರಿಯಲ್ಲೂ ಜಾಗವಿರಲಿಲ್ಲ. ಇಗರ್ಜಿಗಳಲ್ಲಿ ಉಳಿದಿತ್ತು, 1871ರ ನಂತರ ಬಿಷಪ್ ಪಾವೆಲ್ ಅಲ್ಲಿಂದಲೂ ಅದನ್ನು ಹೊರಹಾಕಲು ಹೊರಟ.

ಗವರ್ನರ್ ಎಂಬ ಹುದ್ದೆಯ ಬಲವೇನು, ಅದು ಕೈಕಟ್ಟಿ ಕೂತರೆ ಏನಾಗುತ್ತದೆ ಎಂಬುದನ್ನು 1903ರ ಏಪ್ರಿಲ್ ತೋರಿಸಿತು. ಹಳೆಯ ಕ್ಯಾಲೆಂಡರಿನ 6 ಮತ್ತು 7ನೇ ತಾರೀಕು, ಈಸ್ಟರ್ ಹಬ್ಬದಲ್ಲಿ, ಕಿಶಿನೆವ್‌ನ ಯಹೂದಿಗಳ ಮೇಲೆ ದಾಳಿ ನಡೆದು 49 ಜನ ಸತ್ತರು. ಊರಲ್ಲಿ ಸಾವಿರಾರು ಸೈನಿಕರಿದ್ದರು. ಅವರನ್ನು ಬಳಸುವ ಅಧಿಕಾರವನ್ನು ಗವರ್ನರ್ ಫಾನ್ ರಾಬೆನ್ ಸೇನಾಧಿಕಾರಿಗೆ ವಹಿಸಿದ್ದು ಎರಡನೆಯ ದಿನ ಮಧ್ಯಾಹ್ನ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಯಹೂದಿಗಳ ವಿರುದ್ಧ ವಿಷ ಕಾರುತ್ತಿದ್ದ ಸ್ಥಳೀಯ ಪತ್ರಿಕೆ 'ಬೆಸ್ಸರಾಬೆತ್ಸ್' ಸೆನ್ಸಾರ್ ದಾಟಿಯೇ ಬರುತ್ತಿತ್ತು. ಪ್ರಾಂತ್ಯಗಳಲ್ಲಿ ಬೇರೆ ಸೆನ್ಸಾರ್ ಅಧಿಕಾರಿ ಇಲ್ಲದೆಡೆ ಆ ಕೆಲಸ ಉಪಗವರ್ನರನದು, ಇಲ್ಲಿ ಅವನು ಉಸ್ತ್ರುಗೊವ್. ಪತ್ರಿಕೆಯನ್ನು ತಡೆಯಬೇಕಾದವನೇ ಅದರ ಒಲವಿನವನಾಗಿದ್ದ. ಫಾನ್ ರಾಬೆನ್ ಕೆಲಸ ಕಳೆದುಕೊಂಡ. 1877ರಿಂದ ಊರಿನ ಮೇಯರ್ ಆಗಿದ್ದ, ಒಳಚರಂಡಿಯಿಂದ ಟ್ರಾಮ್‌ವರೆಗೆ ಕಿಶಿನೆವ್‌ಗೆ ಪಟ್ಟಣದ ರೂಪ ಕೊಟ್ಟ ಕಾರ್ಲ್ ಶ್ಮಿತ್ ಅದೇ ವರ್ಷ ರಾಜೀನಾಮೆ ಕೊಟ್ಟ.

1917ರ ಮಾರ್ಚ್‌ನಲ್ಲಿ ಝಾರ್ ಕೆಳಗಿಳಿದಾಗ ಹೊಸ ಸರ್ಕಾರ ಎಲ್ಲ ಗವರ್ನರ್‌ಗಳನ್ನೂ ವಜಾ ಮಾಡಿ ಆಯಾ ಜೆಮ್ಸ್ತ್ವೊ ಮುಖ್ಯಸ್ಥರನ್ನು ಕಮಿಸಾರ್ ಎಂದು ನೇಮಿಸಿತು. ಬೆಸ್ಸರಾಬಿಯದಲ್ಲಿ ಹಾಗೆ ಕೂತವನು ವೈನ್ ತಯಾರಕ ಕಾನ್‌ಸ್ಟಂಟಿನ್ ಮಿಮಿ. ನವೆಂಬರ್‌ನಲ್ಲಿ 'ಸ್ಫಾತುಲ್ ತ್ಸೆರಿ' ಎಂಬ ಪ್ರಾಂತೀಯ ಶಾಸನಸಭೆ ಸೇರಿತು, ಡಿಸೆಂಬರ್‌ನಲ್ಲಿ ಗಣರಾಜ್ಯ ಘೋಷಿಸಿತು, ಜನವರಿಯಲ್ಲಿ ಸ್ವಾತಂತ್ರ್ಯ. ಅಷ್ಟರಲ್ಲಿ ರುಮೇನಿಯದ ಸೇನೆ ಪ್ರೂತ್ ದಾಟಿ ಬಂದಾಗಿತ್ತು. 1918ರ ಏಪ್ರಿಲ್ 9ರಂದು ರುಮೇನಿಯದೊಡನೆ ಸೇರುವ ನಿರ್ಣಯಕ್ಕೆ ಪರವಾಗಿ 86, ವಿರೋಧವಾಗಿ 3 ಮತ ಬಿದ್ದವು, 36 ಮಂದಿ ತಟಸ್ಥರು. ನಿರ್ಣಯದಲ್ಲಿ ಷರತ್ತುಗಳಿದ್ದವು: ಪ್ರಾಂತ್ಯಕ್ಕೆ ಸ್ವಾಯತ್ತತೆ, ಅದರದೇ ಸಭೆ, ಅಲ್ಪಸಂಖ್ಯಾತರ ಹಕ್ಕು. ವರ್ಷ ಮುಗಿಯುವುದರೊಳಗೆ ಅದೇ ಸಭೆಯ ಒಂದು ಅವಸರದ ಕೂಟ ಷರತ್ತುಗಳನ್ನು ತಾನಾಗಿ ಬಿಟ್ಟುಕೊಟ್ಟು ವಿಸರ್ಜನೆಯಾಯಿತು. ರಷ್ಯಾ ತಾನು ಕೊಟ್ಟ ಸ್ವಾಯತ್ತತೆ ಕಿತ್ತುಕೊಳ್ಳಲು ಹತ್ತು ವರ್ಷ ತೆಗೆದುಕೊಂಡಿತ್ತು. ಬುಖಾರೆಸ್ಟ್‌ಗೆ ಎಂಟು ತಿಂಗಳು ಸಾಕಾಯಿತು. ಹರ್ಮೆನೊಪುಲೋಸನನ್ನು ಕೋರ್ಟಿನಿಂದ ಎಬ್ಬಿಸಲು ಮಾತ್ರ ಅವರಿಗೂ 1928ರವರೆಗೆ ಆಗಲಿಲ್ಲ, ಆ ವರ್ಷ ರುಮೇನಿಯದ ಸಿವಿಲ್ ಸಂಹಿತೆ ಇಲ್ಲಿಗೂ ವಿಸ್ತರಿಸಿತು.

1940ರ ಜೂನ್ 28ರಂದು ಸೋವಿಯತ್ ಸೇನೆ ಬಂತು. ಅದೇ ಆಗಸ್ಟಿನಲ್ಲಿ ಮಾಸ್ಕೋ ಹಳೆಯ ಗುಬೇರ್ನಿಯವನ್ನು ಮೂರು ತುಂಡು ಮಾಡಿತು. ಉತ್ತರದ ಖೋತಿನ್ ಸೀಮೆಯ ಬಹುಪಾಲು, ದಕ್ಷಿಣದಲ್ಲಿ ಅಕ್ಕೆರ್ಮಾನ್ ಮತ್ತು ಇಝ್ಮಾಯಿಲ್ ಸೀಮೆಗಳು ಉಕ್ರೇನಿಗೆ ಹೋದವು, ನಡುಭಾಗವನ್ನು ನೀಸ್ಟರ್‌ನ ಎಡದಂಡೆಯ ಒಂದು ಪಟ್ಟಿಯ ಜೊತೆ ಸೇರಿಸಿ ಮೊಲ್ದಾವಿಯ ಸೋವಿಯತ್ ಗಣರಾಜ್ಯ ಮಾಡಿದರು. ಸುಮಾರು 93 ಸಾವಿರ ಜರ್ಮನ್ನರನ್ನು ಹಿಟ್ಲರನ ಜೊತೆಗಿನ ಒಪ್ಪಂದದಂತೆ ಆ ಶರತ್ಕಾಲದಲ್ಲೇ ಜರ್ಮನಿಯ ಕಡೆಗೆ ಸಾಗಿಸಲಾಯಿತು. 2004ರಿಂದ 2010ರವರೆಗೆ ಜರ್ಮನಿಯ ಅಧ್ಯಕ್ಷರಾಗಿದ್ದ ಹೋರ್ಸ್ಟ್ ಕ್ಯೋಲರ್ ಅವರ ತಂದೆತಾಯಿ ಆ ಗುಂಪಿನಲ್ಲಿದ್ದರು.

1991ರಲ್ಲಿ ಒಕ್ಕೂಟ ಒಡೆದಾಗ ಈ ಆಂತರಿಕ ಗೆರೆಗಳೇ ಅಂತರರಾಷ್ಟ್ರೀಯ ಗಡಿಗಳಾದವು. ಮೊಲ್ದೋವಕ್ಕೆ ಸಮುದ್ರವಿಲ್ಲ. ಡ್ಯಾನ್ಯೂಬ್‌ನ ದಡ ಅದಕ್ಕಿರುವುದು ಅರ್ಧ ಕಿಲೋಮೀಟರಿನಷ್ಟು. ಆ ತುಣುಕಿನಲ್ಲೇ ಜುರ್ಜುಲೆಶ್ತಿ ಎಂಬ ಬಂದರು ಕಟ್ಟಿ ಹಡಗು ತರಿಸಿಕೊಳ್ಳುತ್ತಿದ್ದಾರೆ. ಉಕ್ರೇನಿನ ಪಾಡೂ ಸರಳವಲ್ಲ: ಒಡೆಸ್ಸಾದಿಂದ ತನ್ನದೇ ದಕ್ಷಿಣ ಬೆಸ್ಸರಾಬಿಯಕ್ಕೆ ಹೋಗುವ ಮುಖ್ಯ ರಸ್ತೆ ಪಲಾಂಕ ಎಂಬ ಹಳ್ಳಿಯ ಬಳಿ 7.7 ಕಿಲೋಮೀಟರ್ ಮೊಲ್ದೋವದ ನೆಲದ ಮೇಲೆ ಹಾದುಹೋಗುತ್ತದೆ. 1999ರ ಒಪ್ಪಂದದ ಪ್ರಕಾರ ಅಲ್ಲಿ ಸಾರ್ವಭೌಮತ್ವ ಮೊಲ್ದೋವದ್ದು, ರಸ್ತೆಯ ಒಡೆತನವೂ ದುರಸ್ತಿಯೂ ಉಕ್ರೇನಿನದು.